ಬೂಟ್ ಹರಿದರೂ ‘ಗಾಡಿ ಓಡ್ತದ’ ಎನ್ನುವವರಿಗೆ

ಜತ್ತ: ಮುಂದಿನ ಗಾಲಿಯ ಒಳಬದಿಗೆ ಕರಿ ಗ್ರೀಸ್ ಸಿಡಿದು ಅಂಟಿದ್ದರೂ ‘ಏನೂ ಆಗೂದಿಲ್ಲ, ಗಾಡಿ ಓಡ್ತದ’ ಎನ್ನುವ ಕಾರಿನವರು ಈ ಭಾಗದಲ್ಲಿ ಕಡಿಮೆ ಇಲ್ಲ. ಇದು ದುಬಾರಿ ಧೈರ್ಯ.

ಆಲ್ಟೊ, ಸ್ವಿಫ್ಟ್‌ನಂಥ ಕಾರುಗಳಲ್ಲಿ ಇಂಜಿನ್ ಶಕ್ತಿ ಹೋಗುವುದು ಮುಂದಿನ ಗಾಲಿಗೆ. ಆ ಗಾಲಿ ಓಡುತ್ತಲೇ ಎಡಬಲಕ್ಕೆ ಹೊರಳಬೇಕು. ಅದಕ್ಕಾಗಿ ಎಕ್ಸೆಲ್ ತುದಿಯಲ್ಲಿ ಗುಂಡುಗಳ ಜಾಯಿಂಟ್ ಇದೆ. ಅದರ ಗ್ರೀಸ್ ಕಾಯುವುದು ನಿರಿಗೆಯ ರಬ್ಬರ್ ಬೂಟ್. ಅದು ಹರಿದರೆ ಗ್ರೀಸ್ ಹೊರಗೆ, ಎರಿ ಮಣ್ಣಿನ ಧೂಳು ಒಳಗೆ. ಮುಂದೆ ಸ್ಟೇರಿಂಗ್ ಪೂರಾ ಹೊರಳಿಸಿದಾಗ ‘ಕಟ್ ಕಟ್’ ಸದ್ದು. ಸದ್ದು ಬಂತೆಂದರೆ ಜಾಯಿಂಟ್ ಸವೆದಂತೆಯೇ. ಆಗ ಎಷ್ಟು ಗ್ರೀಸ್ ತುಂಬಿದರೂ ಸವೆದ ಉಕ್ಕು ಮರಳಿ ಬಾರದು.

ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿಯುವ ಉಪಾಯ ಗ್ಯಾರೇಜ್ ಮುಟ್ಟುವವರೆಗೆ ಮಾತ್ರ. ಬೂಟ್ ಸಸ್ತಾ, ಎಕ್ಸೆಲ್ ಬಿಚ್ಚುವ ಮಜೂರಿಯೇ ಹೆಚ್ಚು ಎಂಬ ಗ್ಯಾರೇಜಿನವರ ಮಾತು ಖರೆ. ಆದರೆ ಸದ್ದೇ ಇಲ್ಲದ ಜಾಯಿಂಟಿಗೂ ‘ಪೂರಾ ಎಕ್ಸೆಲ್ ಹಾಕ್ರಿ’ ಎನ್ನುವುದು ಸರಿಯಲ್ಲ. ಜಾಯಿಂಟ್ ತೊಳೆದು, ಗುಂಡುಗಳನ್ನು ಗಿರಾಕಿಗೆ ತೋರಿಸಿ ಆಮೇಲೆ ಹೇಳಲಿ. ತೊಳೆಯದೆ ಹೊಸ ಬೂಟ್ ಏರಿಸಿದರೆ ಮಣ್ಣನ್ನು ಒಳಗೇ ಕಟ್ಟಿಟ್ಟಂತೆ. ಗ್ರೀಸ್ ಕೂಡ ಜಾಯಿಂಟಿಗೆಂದೇ ಬರುವ ಕರಿ ಗ್ರೀಸ್ ಬೇಕು, ಸಾದಾದು ನಡೆಯದು.

ರಾತ್ರಿ ವಿಜಯಪುರ, ಸಾಂಗಲಿ ದವಾಖಾನೆಗೆ ರೋಗಿಗಳನ್ನು ಒಯ್ಯುವುದೂ ಇಂಥ ಬಾಡಿಗೆ ಕಾರುಗಳೇ. ಜಾಯಿಂಟ್ ಮುರಿದರೆ ಇಂಜಿನ್ ಎಷ್ಟು ಗರ್ಜಿಸಿದರೂ ಗಾಡಿ ಮುಂದೆ ಹೋಗದು. ಆಯಿಲ್ ಬದಲಿಸಲು ಗಾಡಿ ಎತ್ತಿದಾಗಲೇ ಎರಡೂ ಬದಿಯ ನಾಲ್ಕೂ ಬೂಟ್ ನೋಡಿಸಿಕೊಳ್ಳಬೇಕು.