ಮನೆಯನ್ನು ಸಾಕುವುದು ಮಣ್ಣೇ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ರೈತರಿಲ್ಲ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ರಿಚರ್ಡ್ ಇನ್‌ಫೀಲ್ಡ್ ಎಂಬ ಗೃಹಸ್ಥ ಎರಡನ್ನೂ ಮಾಡಿ ನೋಡಿದ. ತಾನು ಕೈಹಿಡಿದ ಕ್ಯಾಥರೀನ್ ಕಾಂಪ್ಟನ್ ಎಂಬಾಕೆಗಾಗಿ 1598ರಲ್ಲಿ ಹಳ್ಳಿಗಾಡಿನ ಗುಡ್ಡದ ಓರೆಯಲ್ಲಿ ಒಂದು ಕಲ್ಲಿನ ಮನೆ ಕಟ್ಟಿಸಿದ. ಗ್ರೇವ್‌ಟೈ ಮ್ಯಾನರ್ ಎಂಬುದು ಆ ಮನೆಯ ಹೆಸರು. ತೋಟದ ಕಡೆಯ ಬಾಗಿಲ ಮೇಲೆ ಗಂಡಹೆಂಡಿರ ಹೆಸರಿನ ಮೊದಲ ಅಕ್ಷರಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. 1958ರಿಂದ ಈ ಮನೆ ಹೋಟೆಲಾಗಿದೆ. ಹೊಸದಾಗಿ ಮದುವೆಯಾದವರು, ಮದುವೆಯಾಗಿ 25 ವರ್ಷ ತುಂಬಿದವರು ವಾರದ ಕೊನೆಗೆ ಬಂದು ಎರಡು ರಾತ್ರಿ ತಂಗುತ್ತಾರೆ. ಬೆಂಕಿಗೂಡಿನ ಮುಂದೆ ಕುಳಿತು, ತೋಟದಲ್ಲಿ ಅಡ್ಡಾಡಿ, ಉಂಡು ಹೊರಡುತ್ತಾರೆ.

ಕೃಷಿ ಪತ್ರಿಕೆಯಲ್ಲಿ ಹೋಟೆಲಿನ ಮಾತೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ನಿಮ್ಮಲ್ಲಿ ಕೆಲವರಿಗೆ ಹಿರಿಯರು ಕಟ್ಟಿಸಿದ ತೊಟ್ಟಿಮನೆ ಇದೆ, ಕೆಲವರಿಗೆ ಐನ್‌ಮನೆಯಲ್ಲಿ ಪಾಲಿದೆ, ಇನ್ನು ಕೆಲವರಿಗೆ ಕಾಫಿ ತೋಟದೊಳಗೆ ಹಳೆಯ ಬಂಗಲೆ ಇದೆ. ‘ಬೇಸಾಯದಲ್ಲಿ ಏನಿದೆ? ಮನೆಗೆ ಬಣ್ಣ ಹೊಡೆಸಿ ಬೆಂಗಳೂರಿನ ಜೋಡಿಗಳನ್ನು ಇಟ್ಟುಕೊಳ್ಳಿ’ ಎಂದು ನಿಮಗೆ ಉಪದೇಶ ಮಾಡುವವರು ಈಗ ಬಹಳ. ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅತಿಥಿಗಳನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಅತಿಥಿಗಳನ್ನು ನಂಬಿ ಬೇಸಾಯ ಬಿಡುವುದು ತಪ್ಪು. ಇಂಗ್ಲೆಂಡಿನ ದೊಡ್ಡ ಮನೆಗಳ ಕಥೆಯಲ್ಲಿ ಇದಕ್ಕೆ ಪುರಾವೆ ಇದೆ.

ಧಾರಣೆ ಇಳಿಯಿತು, ಮನೆ ಉರುಳಿತು

ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡ ಮನೆಗಳಲ್ಲಿ ಬಹುಪಾಲು ನಿಂತಿದ್ದುದು ಸುತ್ತಲಿನ ಜಮೀನಿನ ಗೇಣಿಯ ಮೇಲೆ. ಒಕ್ಕಲುಗಳು ಗೋಧಿ ಬೆಳೆದು ಮಾರಿ ಗೇಣಿ ಕೊಡಬೇಕು. ಆ ಹಣದಿಂದ ಮನೆಯ ಚಾವಣಿ ರಿಪೇರಿಯಾಗಬೇಕು, ಆಳುಗಳಿಗೆ ಸಂಬಳ ಸಲ್ಲಬೇಕು. ವಿದೇಶೀ ಧಾನ್ಯದ ಮೇಲಿನ ಸುಂಕವನ್ನು ಅಲ್ಲಿನ ಸರ್ಕಾರ 1846ರಲ್ಲೇ ತೆಗೆಯಲು ನಿರ್ಧರಿಸಿತ್ತು. ಅದರ ಪೂರ್ಣ ಪೆಟ್ಟು ತಗಲಿದ್ದು ಮೂರು ದಶಕಗಳ ನಂತರ. ಅಮೆರಿಕದ ಬಯಲುಸೀಮೆಯಲ್ಲಿ ರೈಲು ಹಾಕಿದರು. ಹಡಗಿನ ಬಾಡಿಗೆ ಇಳಿಯಿತು. ಅಗ್ಗದ ಗೋಧಿ ಹರಿದು ಬಂತು. 1879ರ ಅತಿವೃಷ್ಟಿಯಲ್ಲಿ ಇಂಗ್ಲೆಂಡಿನ ಬೆಳೆಯೂ ಕೆಟ್ಟಿತು. ಸುಮಾರು ಎರಡೂಕಾಲು ಕ್ವಿಂಟಾಲ್ ತೂಗುವ ಒಂದು ಅಳತೆ ಗೋಧಿಗೆ 1877ರಲ್ಲಿ 56 ಶಿಲ್ಲಿಂಗಿಗೂ ಹೆಚ್ಚು ಧಾರಣೆಯಿತ್ತು. 1894ರಲ್ಲಿ ಅದು 23 ಶಿಲ್ಲಿಂಗಿಗಿಂತ ಕೆಳಗೆ ಬಿತ್ತು.

ಅದೇ 1894ರಲ್ಲಿ ಯಜಮಾನ ಸತ್ತಾಗ ಆಸ್ತಿಯ ಮೇಲೆ ಕಟ್ಟಬೇಕಾದ ಹೊಸ ತೆರಿಗೆಯೂ ಬಂತು. ಅತಿ ದೊಡ್ಡ ಆಸ್ತಿಗಳಿಗೆ ನೂರಕ್ಕೆ 8ರಂತೆ ಆರಂಭವಾದ ಈ ತೆರಿಗೆ 1919ರಲ್ಲಿ ನೂರಕ್ಕೆ 40ಕ್ಕೆ ಏರಿತು. ಅಷ್ಟರಲ್ಲಿ ಮೊದಲ ಮಹಾಯುದ್ಧದಲ್ಲಿ ಅನೇಕ ಮನೆತನಗಳ ಗಂಡುಮಕ್ಕಳು ಮಡಿದಿದ್ದರು. ಗೇಣಿ ಇಲ್ಲದ ಮೇಲೆ ನೂರು ಕೋಣೆಯ ಮನೆ ಯಾರಿಗೆ ಬೇಕು? ಕೆಡವಿದರು, ಮರ ಕಲ್ಲು ಮಾರಿದರು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಹೀಗೆ ನಾಶವಾದ ಮನೆಗಳ ಬಗ್ಗೆಯೇ ಒಂದು ಪ್ರದರ್ಶನ ಏರ್ಪಡಿಸಿತು. ಅಲ್ಲಿಯವರೆಗೆ ಸಾವಿರಕ್ಕೂ ಹೆಚ್ಚು ಮನೆಗಳು ಹೋಗಿದ್ದವು.

ಉಳಿದವುಗಳಲ್ಲಿ ಕೆಲವು ಹೋಟೆಲುಗಳಾದವು. 1940ರ ದಶಕದ ಕೊನೆಯಲ್ಲಿ ಫ್ರಾನ್ಸಿಸ್ ಕೌಲ್ಸನ್ ಎಂಬುವರು ಅಲ್ಸ್‌ವಾಟರ್ ಸರೋವರದ ದಂಡೆಯ ಶಾರೋ ಬೇ ಎಂಬ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳಲು ತೊಡಗಿದರು. ಈ ಬಗೆಯ ಹೋಟೆಲುಗಳಿಗೆ ಅದೇ ಮೊದಲ ಮಾದರಿ ಎಂದು ಅಲ್ಲಿನವರು ಎಣಿಸುತ್ತಾರೆ. ಎಪ್ಪತ್ತು ವರ್ಷ ಹೆಸರುವಾಸಿಯಾಗಿದ್ದ ಆ ಹೋಟೆಲು 2020ರಲ್ಲಿ ಮುಚ್ಚಿತು. ಅತಿಥಿಗಳ ಆದಾಯವೂ ಗೋಧಿಯ ಧಾರಣೆಯ ಹಾಗೆಯೇ, ಏರಿದ್ದು ಇಳಿಯುತ್ತದೆ.

ಒಂದು ಎಕರೆಯ ಕೈತೋಟ

ಮತ್ತೆ ಗ್ರೇವ್‌ಟೈ ಮನೆಗೆ ಬರೋಣ. 1884ರಲ್ಲಿ ಇದನ್ನು ಕೊಂಡವರು ವಿಲಿಯಂ ರಾಬಿನ್‌ಸನ್. ಐರ್ಲೆಂಡಿನಲ್ಲಿ ತೋಟದ ಕೆಲಸ ಕಲಿತು ಲಂಡನ್ನಿಗೆ ಬಂದ ಈತ ಸಂಪಾದಿಸಿದ್ದು ತೋಟಗಾರಿಕೆಯ ಪುಸ್ತಕಗಳನ್ನೂ ವಾರಪತ್ರಿಕೆಗಳನ್ನೂ ಹೊರತಂದು. ಆ ಹಣದಿಂದ ಮನೆಯನ್ನೂ ಸುಮಾರು 200 ಎಕರೆ ಭೂಮಿಯನ್ನೂ ಕೊಂಡರು. ಸುತ್ತಲಿನ ಜಮೀನು ಸೇರಿಸುತ್ತ ಅದನ್ನು ಸುಮಾರು 1000 ಎಕರೆಗೆ ಬೆಳೆಸಿದರು.

ಗಾಜಿನ ಮನೆಗಳಲ್ಲಿ ಸಸಿ ಬೆಳೆಸಿ, ಬೇಸಿಗೆಗೆ ಸಾಲಾಗಿ ನೆಟ್ಟು, ಹೂ ಮುಗಿದ ಮೇಲೆ ಕಿತ್ತೆಸೆದು, ಮರುವರ್ಷ ಮತ್ತೆ ನೆಡುವುದು ಆ ಕಾಲದ ಶ್ರೀಮಂತರ ಪದ್ಧತಿ. ರಾಬಿನ್‌ಸನ್ ಇದನ್ನು ವಿರೋಧಿಸಿದರು. ಆಯಾ ಮಣ್ಣಿಗೆ, ಆಯಾ ಹವೆಗೆ ಒಗ್ಗಿ ತಾವಾಗಿಯೇ ಹಬ್ಬುವ ಗಟ್ಟಿ ಗಿಡಗಳನ್ನು ನೆಡಿ ಎಂದು 1870ರಲ್ಲಿ, ಮತ್ತೆ 1883ರಲ್ಲಿ ಪುಸ್ತಕ ಬರೆದು ವಾದಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸಾಗುವಳಿ ವೆಚ್ಚ ತಗ್ಗಿಸಿ ನೆಲ ಒಪ್ಪುವ ಬೆಳೆ ಇಡಿ ಎಂದರು. ಅಡಿಗೆಮನೆಗಾಗಿ ಸುಮಾರು ಒಂದು ಎಕರೆಯ ಮೊಟ್ಟೆಯಾಕಾರದ ತರಕಾರಿ ತೋಟವನ್ನೂ ಮಾಡಿ ಸುತ್ತ ಕಲ್ಲುಗೋಡೆ ಎತ್ತಿಸಿದರು. ಚಳಿದೇಶದಲ್ಲಿ ಇಂಥ ಗೋಡೆ ಹಗಲಿನ ಬಿಸಿಲನ್ನು ಹೀರಿ ರಾತ್ರಿ ಬಿಟ್ಟುಕೊಡುತ್ತದೆ, ಗಾಳಿಯನ್ನೂ ತಡೆಯುತ್ತದೆ. ಅದರ ಒತ್ತಿನಲ್ಲಿ ಬೆಳೆ ಬೇಗ ಬರುತ್ತದೆ.

ರಾಬಿನ್‌ಸನ್ 1935ರಲ್ಲಿ ತೀರಿಕೊಂಡರು. ಆಸ್ತಿ ಅವರ ಇಚ್ಛೆಯಂತೆ ಸರ್ಕಾರದ ಅರಣ್ಯ ಇಲಾಖೆಗೆ ಸೇರಿತು. ನೋಡುವವರಿಲ್ಲದೆ ತೋಟ ಕಳೆ ಹತ್ತಿತು. ಪೀಟರ್ ಹರ್ಬರ್ಟ್ ಎಂಬುವರು 1958ರಲ್ಲಿ ಹೋಟೆಲು ಆರಂಭಿಸಿದಾಗ ಮನೆಯೊಂದನ್ನೇ ದುರಸ್ತಿ ಮಾಡಿಸಲಿಲ್ಲ, ತೋಟವನ್ನೂ ಮತ್ತೆ ಎಬ್ಬಿಸಿದರು. ಇಂದಿಗೂ ಆ ಒಂದು ಎಕರೆಯ ತರಕಾರಿ, ಹಣ್ಣು ಅಲ್ಲಿನ ಊಟದ ಮೇಜಿಗೆ ಬರುತ್ತವೆ.

‘ಅವರಿಗೆ ಸಾವಿರ ಎಕರೆ, ನಮಗೆ ನಾಲ್ಕು ಎಕರೆ; ಹೋಲಿಕೆ ಎಲ್ಲಿಯದು?’ ಎಂದು ನೀವು ಕೇಳಬಹುದು. ಸಾವಿರ ಎಕರೆಯನ್ನು ಬಿಡಿ, ಆ ಒಂದು ಎಕರೆಯನ್ನು ನೋಡಿ. ಅಷ್ಟನ್ನು ನಮ್ಮ ಸಣ್ಣ ಹಿಡುವಳಿದಾರನೂ ಮಾಡಬಲ್ಲ.

ಜೋಡಿ ಬರುವುದು ಯಾತಕ್ಕೆ?

ಎರಡು ರಾತ್ರಿಗೆ ಸಾವಿರಾರು ರೂಪಾಯಿ ಸುರಿಯುವ ಪಟ್ಟಣದ ಜೋಡಿಗಳನ್ನು ಕಂಡು ನಗುವ ರೈತರಿದ್ದಾರೆ. ನಗಬೇಕಾಗಿಲ್ಲ. ಇಬ್ಬರೂ ದುಡಿಯುವವರು. ಬೆಳಿಗ್ಗೆ ಒಬ್ಬರು ಹೊರಟರೆ ರಾತ್ರಿ ಇನ್ನೊಬ್ಬರು ಬರುತ್ತಾರೆ. ಒಬ್ಬರ ಮಾತನ್ನು ಒಬ್ಬರು ಕೂತು ಕೇಳಲು ಅವರಿಗೆ ಎರಡು ದಿನ ಬೇಕು. ಅದು ನ್ಯಾಯವಾದ ಬಯಕೆ.

ಮೆತ್ತನೆಯ ಹಾಸಿಗೆ, ಬಿಸಿನೀರು ಪಟ್ಟಣದ ಹೋಟೆಲಿನಲ್ಲೂ ಸಿಗುತ್ತವೆ. ಅವರು ನಿಮ್ಮಲ್ಲಿಗೆ ಬರುವುದು ಬೇರೆಡೆ ಸಿಗದಿದ್ದುದಕ್ಕೆ. ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ ಅರಳಿದಾಗ ಬರುವ ಪರಿಮಳ, ಗದ್ದೆಯ ಕಪ್ಪೆಗಳ ಸದ್ದು, ಕೊಟ್ಟಿಗೆಯ ಹಸುವಿನ ಹಾಲು, ಆಗತಾನೇ ಕಿತ್ತ ಬಸಳೆಯ ಸಾರು ಅವರನ್ನು ಕರೆತರುತ್ತವೆ. ಇವೆಲ್ಲವೂ ಬೇಸಾಯದ ಫಲಗಳು. ಬೇಸಾಯ ನಿಂತ ವರ್ಷ ಇವೂ ನಿಲ್ಲುತ್ತವೆ. ಆಗ ಉಳಿಯುವುದು ಹೆಂಚಿನ ಮನೆಯ ವೇಷ ಹಾಕಿದ ಒಂದು ಲಾಡ್ಜು ಮಾತ್ರ. ಅಂಥವು ರಸ್ತೆಗೆ ಹತ್ತಿವೆ.

ನಮ್ಮಲ್ಲಿ ಆಗುತ್ತಿರುವುದು

2000ನೇ ಇಸವಿಯ ಆಚೀಚೆ ಕಾಫಿಯ ಧಾರಣೆ ತೀರ ಕುಸಿದಾಗ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರು ಕಷ್ಟಕ್ಕೆ ಸಿಕ್ಕಿದರು. ಅತಿಥಿಗಳನ್ನು ಇರಿಸಿಕೊಂಡದ್ದರಿಂದ ಕೆಲವರ ಮನೆ ಉಳಿಯಿತು, ಸಾಲ ತೀರಿತು. ಅದು ಒಳ್ಳೆಯ ಕೆಲಸವೇ.

ಆದರೆ ಆಮೇಲೆ ಕೆಲವೆಡೆ ನಡೆದದ್ದು ಬೇರೆ. ಮನೆಯ ಎರಡು ಕೋಣೆ ಸಾಲದೆಂದು ಗದ್ದೆಗೆ ಮಣ್ಣು ತುಂಬಿ ಸಿಮೆಂಟಿನ ಕುಟೀರಗಳನ್ನು ಕಟ್ಟಿದರು. ಮಳೆನೀರನ್ನು ತಡೆದು ನೆಲಕ್ಕೆ ಇಂಗಿಸುವುದು ಗದ್ದೆಯೇ. ಅದನ್ನು ಮುಚ್ಚಿದವನು ತನ್ನ ಬಾವಿಗೇ ಮಣ್ಣು ಹಾಕಿದಂತೆ. ಗುಡ್ಡದ ಓರೆಯನ್ನು ಯಂತ್ರದಿಂದ ಕಡಿದು ಸಮ ಮಾಡಿದರೆ ಏನಾಗಬಹುದೆಂಬುದನ್ನು 2018ರ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ಕೆಲಸದ ಕಾಲವನ್ನೂ ಗಮನಿಸಿ. ವರ್ಷದ ಕೊನೆಯ ರಜೆಗೆ ಅತಿಥಿಗಳು ಮುಗಿಬೀಳುತ್ತಾರೆ. ಅರೇಬಿಕಾ ಹಣ್ಣು ಕೊಯ್ಯುವುದೂ ಆಗಲೇ. ಇರುವ ನಾಲ್ಕು ಆಳುಗಳಲ್ಲಿ ಇಬ್ಬರು ಕೋಣೆ ಗುಡಿಸುತ್ತಿದ್ದರೆ ಗಿಡದ ಮೇಲಿನ ಹಣ್ಣು ಒಣಗಿ ಉದುರುತ್ತದೆ. ರೊಬಸ್ಟಾಕ್ಕೆ ಹೂ ಬಿಡಿಸಲು ತುಂತುರು ನೀರು ಕೊಡಬೇಕಾದ ಫೆಬ್ರವರಿ, ಮಾರ್ಚಿನಲ್ಲಿ ಅತಿಥಿಗಳ ಸ್ನಾನದ ಮನೆಗೂ ಅದೇ ಕೆರೆಯ ನೀರು. ಇಂಥ ಘರ್ಷಣೆಯಲ್ಲಿ ಸೋಲುವುದು ಸಾಮಾನ್ಯವಾಗಿ ಬೆಳೆಯೇ. ಏಕೆಂದರೆ ಅತಿಥಿ ಬಾಯಿಬಿಟ್ಟು ಕೇಳುತ್ತಾನೆ, ಗಿಡ ಕೇಳುವುದಿಲ್ಲ.

ಮನೆಯೊಡತಿಯ ಲೆಕ್ಕ

ಇನ್ನೊಂದು ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅತಿಥಿಗಳಿಗೆ ಬೆಳಿಗ್ಗೆ ಕಡುಬು ಬೇಯಿಸುವವರು ಯಾರು? ಹಾಸಿಗೆಯ ಬಟ್ಟೆ ಒಗೆಯುವವರು ಯಾರು? ರಾತ್ರಿ ಹತ್ತಕ್ಕೆ ಬಿಸಿನೀರು ಕೇಳಿದರೆ ಏಳುವವರು ಯಾರು? ಬಹುಪಾಲು ಮನೆಗಳಲ್ಲಿ ಒಬ್ಬರೇ, ಮನೆಯೊಡತಿ. ಹಣ ಮಾತ್ರ ಯಜಮಾನರ ಖಾತೆಗೆ ಹೋಗುತ್ತದೆ. ಇದು ನ್ಯಾಯವಲ್ಲ; ಇದರಿಂದ ವ್ಯವಹಾರವೂ ಬಾಳುವುದಿಲ್ಲ. ನಿಮ್ಮ ಮನೆಗೆ ಬಂದ ದಂಪತಿ ಎರಡು ದಿನ ಒಬ್ಬರ ಮುಖ ಒಬ್ಬರು ನೋಡುತ್ತ ಕೂರಲೆಂದು, ಮನೆಯ ಗಂಡಹೆಂಡತಿ ಎರಡು ತಿಂಗಳು ಮುಖ ಕೊಟ್ಟು ಮಾತನಾಡದಂತೆ ಆಗಬಾರದು. ಆದ್ದರಿಂದ ‘ಮಾಡೋಣವೇ, ಬೇಡವೇ’ ಎಂಬ ಪ್ರಶ್ನೆಗೆ ಮೊದಲ ಉತ್ತರ ಆಕೆಯಿಂದ ಬರಲಿ.

ಗಮನದಲ್ಲಿಡಬೇಕಾದ ಅಂಶಗಳು

ಇಷ್ಟಾದ ಮೇಲೂ ಅತಿಥಿಗಳನ್ನು ಇರಿಸಿಕೊಳ್ಳಬೇಕೆನ್ನುವ ರೈತರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

1. ಇರುವ ಕೋಣೆಗಳಿಂದಲೇ ಪ್ರಾರಂಭಿಸಿ. ಸಾಲ ತಂದು ಹೊಸ ಕಟ್ಟಡ ಕಟ್ಟಬೇಡಿ. ವರ್ಷಕ್ಕೆ 52 ವಾರಾಂತ್ಯ. ಕೊಯ್ಲು, ಜಡಿಮಳೆ, ಮನೆಯ ಹಬ್ಬಹರಿದಿನ ಕಳೆದು 35 ಉಳಿದರೆ ಒಂದು ಕೋಣೆಗೆ 70 ರಾತ್ರಿ. ಉಳಿದ 295 ರಾತ್ರಿ ಕೋಣೆ ಖಾಲಿ. ಬಡ್ಡಿ ಖಾಲಿ ಇರುವುದಿಲ್ಲ.

2. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಪ್ರಕಾರ ಅನುಮತಿ ಬೇಕೆಂಬುದನ್ನು ಮರೆಯಬೇಡಿ.

3. ಮನೆಯ ಹತ್ತಿರ ಕಾಲು ಎಕರೆಯನ್ನಾದರೂ ಕೈತೋಟಕ್ಕೆ ಮೀಸಲಿಡಿ. ಸೊಪ್ಪು, ಬದನೆ, ಅವರೆ, ಬಾಳೆ, ಪಪ್ಪಾಯಿ, ನಿಂಬೆ ಇರಲಿ. ಸಂತೆಯಿಂದ ತಂದ ತರಕಾರಿ ಬಡಿಸಿದರೆ ಅತಿಥಿಗೂ ನಷ್ಟ, ನಿಮಗೂ ನಷ್ಟ.

4. ಕೊಳಚೆ ಗುಂಡಿ ಬಾವಿಗಿಂತ ತಗ್ಗಿನಲ್ಲಿ, ಸಾಕಷ್ಟು ದೂರದಲ್ಲಿರಲಿ. ಸ್ನಾನದ ನೀರನ್ನು ಬಾಳೆಯ ಬುಡಕ್ಕೆ ಹರಿಸಿ.

5. ಅತಿಥಿಗಳ ಹಣಕ್ಕೆ ಬೇರೆ ಪುಸ್ತಕ ಇಡಿ. ಮನೆಯೊಡತಿಯ ಕೂಲಿಯನ್ನು ಮೊದಲು ಕಳೆದು ಆಕೆಯ ಖಾತೆಗೆ ಜಮಾ ಮಾಡಿ. ಉಳಿದದ್ದರಲ್ಲಿ ಒಂದು ಪಾಲು ಚಾವಣಿಗೆ, ಒಂದು ಪಾಲು ಗೊಬ್ಬರಕ್ಕೆ ಮತ್ತು ಬದುವಿಗೆ ಹೋಗಲಿ. ಪ್ರತಿ ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ. ಅತಿಥಿಗಳು ಬರತೊಡಗಿದ ಮೇಲೆ ಮಣ್ಣಿನ ಸಾವಯವ ಅಂಶ ಇಳಿಯುತ್ತಿದ್ದರೆ, ನಿಮ್ಮ ಗಮನ ಎಲ್ಲಿಗೆ ಹೋಗಿದೆ ಎಂಬುದನ್ನು ಆ ಚೀಟಿ ತಿಳಿಸುತ್ತದೆ.

6. ಬಂದ ಜೋಡಿಯ ಗುರುತಿನ ಚೀಟಿ ನೋಡಿ, ವಿವರ ಬರೆದುಕೊಳ್ಳಿ. ಆಮೇಲೆ ಅವರನ್ನು ಅವರ ಪಾಡಿಗೆ ಬಿಡಿ. ಮಕ್ಕಳೆಷ್ಟು, ಸಂಬಳವೆಷ್ಟು ಎಂದು ವಿಚಾರಿಸುವುದು ಆತಿಥ್ಯವಲ್ಲ.

ಗೋಧಿಯ ಧಾರಣೆ ಬಿದ್ದಾಗ ಇಂಗ್ಲೆಂಡಿನಲ್ಲಿ ಮನೆಗಳು ಉರುಳಿದವು. ಕಾಫಿ, ಅಡಿಕೆ, ಮೆಣಸಿನ ಧಾರಣೆಗಳೂ ಬೀಳುತ್ತವೆ, ಏಳುತ್ತವೆ. ಅಂಥ ಕಾಲದಲ್ಲಿ ವಾರಾಂತ್ಯದ ಅತಿಥಿ ಒಂದು ಊರುಗೋಲು. ಊರುಗೋಲು ಹಿಡಿದು ನಡೆಯಬಹುದು. ಕಾಲು ಕತ್ತರಿಸಿಕೊಂಡು ಊರುಗೋಲನ್ನೇ ನಂಬಲಾಗದು. ನಿಮ್ಮ ಹಿರಿಯರು ಕಟ್ಟಿದ ಮನೆಯಲ್ಲಿ ಯಾರೋ ಇಬ್ಬರು ಎರಡು ದಿನ ಸುಖವಾಗಿದ್ದು ಹೋಗಲಿ. ಸೋಮವಾರ ಬೆಳಿಗ್ಗೆ ಅವರು ಹೊರಟ ಮೇಲೆ ನೀವು ಗುದ್ದಲಿ ಹಿಡಿದು ಇಳಿಯಲು ಹೊಲ ಉಳಿದಿರಲಿ.