ಗಿಟಾರೂ ಬರಲಿ, ಕೊನೇ ಬಸ್ಸೂ ಸಿಗಲಿ

ಊರಿಗೆ ಮೇಳ ಬಂದರೆ ಯಾರೂ ಏನೂ ಕೇಳುವುದಿಲ್ಲ. ಗಣಪತಿ ಪೆಂಡಾಲಿನ ರಸಮಂಜರಿಗೂ ಯಾರದೂ ತಕರಾರಿಲ್ಲ. ಅದೇ ನಾಲ್ಕು ಹುಡುಗರು ಗಿಟಾರು, ಡ್ರಮ್ಮು ಹೊತ್ತುಕೊಂಡು, 'ಬ್ಲೂಸ್ ರಾಕ್ ನುಡಿಸ್ತೀವಿ, ಸಮುದಾಯ ಭವನ ಕೊಡಿ' ಎಂದು ಬಂದರೆನ್ನಿ, ಸಾಗರದ ಹೋಟೆಲಿನಿಂದ ಹಿಡಿದು ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನ ತನಕ ಒಂದೇ ಮಾತು: 'ನಮ್ಮೂರಿಗೆ ಇದೆಲ್ಲ ಎಂತಕ್ಕೆ ಮಾರಾಯ್ರೆ?'

ಪ್ರಶ್ನೆ ಸರಿಯಾದದ್ದೇ. ಉತ್ತರ ಸಿಗುವ ಮೊದಲೇ ಭವನಕ್ಕೆ ಬೀಗ ಹಾಕುವುದು ಮಾತ್ರ ಸರಿಯಲ್ಲ.

ಈ ಬ್ಲೂಸ್ ಎಂಬುದು ಶ್ರೀಮಂತರ ಮನೆಯ ಪಾಟಲ್ಲ. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋಯಿತು. ಹೊಲದಲ್ಲಿ ಹೋಗಲಿಲ್ಲ. ಮಿಸಿಸಿಪ್ಪಿ ಸೀಮೆಯ ಕಪ್ಪು ಜನ ಹತ್ತಿ ಹೊಲಗಳನ್ನು ಪಾಲಿಗೆ ಮಾಡುತ್ತಿದ್ದರು. ಬೀಜ, ದಿನಸಿ ಎಲ್ಲ ಧಣಿಯ ಸಾಲ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಬೆಳೆದವನೇ ಬಾಕಿದಾರ! ಆ ಜನರ ಬಾಯಲ್ಲಿ ಹುಟ್ಟಿದ್ದು ಬ್ಲೂಸ್. ಒಂದು ಸಾಲನ್ನು ಎರಡು ಸಲ ಹಾಡುವುದು, ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ ಹೇಳುವುದು. ನಡುವೆ ಗಿಟಾರು ಹೂಂಗುಟ್ಟುವುದು. ಇಷ್ಟೇ ಅದರ ಕಟ್ಟು.

ಈ ಕತೆ ನಮ್ಮ ಜನಕ್ಕೆ ಹೊಸತೇ? 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ಜಗಳದಿಂದಲೇ. ಅದೇ ವರ್ಷ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಮುಂದಿನ ವರ್ಷ ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರನ್ನು ಸಾಗರ-ಹೊಸನಗರದ ಮತದಾರರು ವಿಧಾನಸಭೆಗೆ ಕಳಿಸಿದರು. ಅಲ್ಲಿ ಹತ್ತಿ, ಇಲ್ಲಿ ಭತ್ತ. ಅಳತೆಯ ಮೋಸ ಎರಡೂ ಕಡೆ ಒಂದೇ. ಆ ಹಾಡು ಇಂಗ್ಲಿಷಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದು ಪರದೇಶಿ ಆಗಿಬಿಡುತ್ತದೆಯೇ?

ಇನ್ನು ರಾಕ್ ಎಲ್ಲಿಂದ ಬಂತು ಎಂಬುದು. ಮಡ್ಡಿ ವಾಟರ್ಸ್ ಎಂಬ ತೋಟದ ಕೂಲಿಯಾಳು 1943ರಲ್ಲಿ ಹೊಲ ಬಿಟ್ಟು ಶಿಕಾಗೋ ಪಟ್ಟಣ ಸೇರಿದ. ಅಲ್ಲಿನ ಗದ್ದಲದ ಅಂಗಡಿಗಳಲ್ಲಿ ಬರೀ ಮರದ ಗಿಟಾರು ಯಾರ ಕಿವಿಗೂ ಬೀಳದು. ಕರೆಂಟಿನ ಗಿಟಾರು ಹಿಡಿದ. 1950ರಲ್ಲಿ ಅವನು ಹಾಡಿದ ಒಂದು ಹಾಡಿನ ಹೆಸರನ್ನೇ 1962ರಲ್ಲಿ ಲಂಡನ್ನಿನ ಹುಡುಗರು ತಮ್ಮ ತಂಡಕ್ಕೆ ಇಟ್ಟುಕೊಂಡರು. ಅವರೇ ರೋಲಿಂಗ್ ಸ್ಟೋನ್ಸ್. 2003ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಹೋದರು. ಕೂಲಿಯವನ ಹಾಡು ಅರಮನೆ ಮೈದಾನಕ್ಕೆ ಬಂದರೆ ಜಂಬ, ನಮ್ಮ ಸಮುದಾಯ ಭವನಕ್ಕೆ ಬಂದರೆ ಅನುಮಾನ. ಇದು ಯಾವ ನ್ಯಾಯ?

ನಮ್ಮವರೂ ಸುಮ್ಮನೆ ಕೂತಿಲ್ಲ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಸ್ವಂತ ಹಾಡು ಕಟ್ಟಿ ನುಡಿಸುತ್ತಿದೆ. ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಹಾಕಿ ಪರದೇಶದವರಿಗೂ ಕೇಳಿಸಿದರು. ಸಿನಿಮಾ ಹಾಡನ್ನು ಹಾಗೇ ಒಪ್ಪಿಸುವ ಆರ್ಕೆಸ್ಟ್ರಾ ಬೇರೆ, ತಾನೇ ಕಟ್ಟಿದ್ದನ್ನು ಜನರ ಮುಂದೆ ಇಡುವ ಬ್ಯಾಂಡ್ ಬೇರೆ. ಇಂಥದ್ದು ಕೇಳಬೇಕೆಂದರೆ ಹೊಸನಗರದ ಕಾಲೇಜು ಹುಡುಗ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕು. ಬಸ್ ಚಾರ್ಜು, ಟಿಕೆಟ್ಟು, ಊಟ ಎಲ್ಲ ಸೇರಿಸಿದರೆ ಅಪ್ಪನ ಜೇಬು ಖಾಲಿ.

'ಹಳ್ಳಿ ಜನಕ್ಕೆ ಅರ್ಥ ಆಗಲ್ಲ' ಎಂಬ ವಾದವನ್ನು ಈ ಸೀಮೆಯಲ್ಲಿ ಯಾರೂ ಆಡಬಾರದು. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ 1972ರಲ್ಲಿ ಅಡಿಕೆ ತೋಟಗಳ ನಡುವೆ ಶಿವರಾಮ ಕಾರಂತ ರಂಗಮಂದಿರ ಎಬ್ಬಿಸಿತು. ಮರುವರ್ಷ ಚಿತ್ರಸಮಾಜ ಶುರು ಮಾಡಿ ದೇಶ ವಿದೇಶದ ಸಿನಿಮಾ ತೋರಿಸಿತು. ತೋಟದ ಕೆಲಸ ಮುಗಿಸಿ ಬಂದವರು ಕೂತು ನೋಡಿದರು. ಅರ್ಥವಾಗಲಿಲ್ಲ ಎಂದು ಎದ್ದು ಓಡಿದ್ದರೆ 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬರುತ್ತಿತ್ತೇ? ನಾಟಕ, ಸಿನಿಮಾ ಅರಗಿಸಿಕೊಂಡ ಜನ ಗಿಟಾರಿಗೆ ಹೆದರುತ್ತಾರೆಯೇ?

ಹಾಗೆಂದು ವಿರೋಧ ಮಾಡುವವರೆಲ್ಲ ಮೂರ್ಖರೂ ಅಲ್ಲ. ಅವರಿಗೆ ಹೆದರಿಕೆ ಇರುವುದು ಹಾಡಿನದಲ್ಲ, ಸೌಂಡ್ ಬಾಕ್ಸಿನದು. ಮೆರವಣಿಗೆಯ ಡಿಜೆ ಬಂದು ಕಿಟಕಿ ಗಾಜು ನಡುಗಿಸಿ ಹೋದ ಮೇಲೆ, ಸ್ಪೀಕರ್ ಕಂಡರೆ ಮುದುಕರಿಗೆ ಎದೆ ಹೊಡೆದುಕೊಂಡರೆ ತಪ್ಪೇನು? 2000ದ ಶಬ್ದಮಾಲಿನ್ಯ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬೇಡ ಎನ್ನುತ್ತದೆ. ಮುಚ್ಚಿದ ಸಭಾಂಗಣ, ಸಮುದಾಯ ಭವನಗಳಿಗೆ ಒಳಗಿನ ಮಟ್ಟಿಗೆ ರಿಯಾಯಿತಿ ಇದೆ. ಆದರೆ ಕಿಟಕಿ ತೆಗೆದಿಟ್ಟು, ತಗಡಿನ ಮಾಡು ಹಾರುವಂತೆ ಬಾರಿಸಿ 'ಭವನದ ಒಳಗೇ ಇದ್ದೀವಲ್ಲ' ಎಂದರೆ ನೆರೆಯವರು ಒಪ್ಪುವರೇ? ಇನ್ನೂರು ಜನ ಕೂರುವ ಜಾಗಕ್ಕೆ ಇನ್ನೂರು ಜನಕ್ಕೆ ಬೇಕಾದಷ್ಟು ಸದ್ದು ಸಾಕು. ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರು ಯಾವ ಮೈಕು ಇಟ್ಟು ಹಾಡುತ್ತಿದ್ದರು? ಮಲಗಿದವರು ಎದ್ದು ಬಾಗಿಲು ತೆಗೆಯುತ್ತಿರಲಿಲ್ಲವೇ?

ಎರಡನೆಯದು ಬಸ್ಸಿನ ಮಾತು. ಇದೇ ನಿಜವಾದ ಗಂಟು. ಕಾರ್ಯಕ್ರಮ ಆರಕ್ಕೆ ಎಂದು ಬೋರ್ಡು ಹಾಕಿ ಎಂಟಕ್ಕೆ ಶುರು ಮಾಡುವುದು ನಮ್ಮವರ ಚಾಳಿ. ಸ್ವಾಗತ ಭಾಷಣ, ಹಾರ, ಶಾಲು, ವಂದನಾರ್ಪಣೆ ಮುಗಿಯುವಾಗ ಹಳ್ಳಿ ಕಡೆಯ ಕೊನೇ ಬಸ್ಸು ಹೋಗಿ ಆಗಿರುತ್ತದೆ. ಸ್ಕೂಟರ್ ಇದ್ದವನಿಗೆ ಸಂಗೀತ, ಬಸ್ಸಿಗೆ ಕಾಯುವವನಿಗೆ ಬರೀ ಭಾಷಣ. ಹೆಣ್ಣುಮಕ್ಕಳಂತೂ ಬರುವುದೇ ಇಲ್ಲ. 'ಜನ ಸೇರಲಿಲ್ಲ, ಈ ಊರಿಗೆ ರುಚಿಯಿಲ್ಲ' ಎಂದು ಮಾರನೇ ದಿನ ಗೊಣಗುವವರು ಬಸ್ಸಿನ ಟೈಮ್ ನೋಡಿ ಮಾತಾಡಲಿ.

ಮೂರನೆಯದು ಕರೆಂಟು. ಇದೊಂದು ತಮಾಷೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಮನೆ, ಗದ್ದೆ ನೀರಿನಡಿ ಹೋದವು. ನಾಡಿಗೆಲ್ಲ ದೀಪ ಹಚ್ಚಲು ನೆಲ ಬಿಟ್ಟವರು ಈ ಜನ. ಆ ಕರೆಂಟಿನಲ್ಲಿ ಒಂದು ಸಂಜೆ ಎರಡು ಗಂಟೆ ಗಿಟಾರು ಕೇಳುವ ಹಕ್ಕು ಅವರಿಗಿಲ್ಲವೇ? ಆದರೂ ಮಳೆಗಾಲದಲ್ಲಿ ಲೈನ್ ನಂಬಬಾರದು, ಜನರೇಟರ್ ಒಂದು ಇರಲಿ!

ಭವನಗಳು ಕಟ್ಟಿದ್ದು ಸಾರ್ವಜನಿಕರಿಗೆ. ಮದುವೆ ಸೀಜನ್ ಮುಗಿದ ಮೇಲೆ ಬೀಗ ಜೋತಾಡಿಸಿಕೊಂಡು ಜೇಡರ ಬಲೆ ಸಾಕುವುದಕ್ಕಲ್ಲ. ಸಂಜೆ ಹೊತ್ತು ನಾಲ್ಕು ಜನ ಸೇರಿದರೆ ಪಕ್ಕದ ಚಹಾ ಅಂಗಡಿಗೂ ವ್ಯಾಪಾರ, ಬೀಡಾ ಅಂಗಡಿಗೂ ವ್ಯಾಪಾರ, ಆಟೋದವನಿಗೂ ಎರಡು ಬಾಡಿಗೆ.

ಆದ್ದರಿಂದ ಭವನದ ಕಮಿಟಿಯವರು ಬಾಡಿಗೆ ಇಳಿಸಲಿ. ಕರೆಸುವವರು ಟಿಕೆಟ್ಟು ಕಡಿಮೆ ಇಡಲಿ, ಸರಿಯಾಗಿ ಆರಕ್ಕೆ ಶುರು ಮಾಡಿ ಎಂಟರೊಳಗೆ ಬಿಡಲಿ, ಭಾಷಣ ಪೂರ್ತಿ ಕೈಬಿಡಲಿ. ಬಸ್ ಮಾಲೀಕರು ಅದೊಂದು ದಿನ ಕೊನೇ ಟ್ರಿಪ್ಪನ್ನು ಅರ್ಧ ಗಂಟೆ ತಡಮಾಡಲಿ. ಸೀಟು ತುಂಬುವುದು ಅವರಿಗೇ ಲಾಭ. ಸಾರ್ವಜನಿಕರು ಒಂದು ಸಲ ಬಂದು ಕೂತು ಕೇಳಲಿ. ಹಿಡಿಸದಿದ್ದರೆ ಎದ್ದು ಹೋಗಲು ಬಾಗಿಲು ಇದ್ದೇ ಇದೆ. ಕೇಳುವ ಮೊದಲೇ ಬಾಗಿಲು ಹಾಕುವುದು ಮಾತ್ರ ಬೇಡ.

ಸಂಬಂಧಪಟ್ಟವರು ಗಮನಿಸುವರೇ?