ತಲಾಂತಿನ ಲೆಕ್ಕ

ಮಕ್ಕಳೇ, ಈ ವಾರ ಕಥೆಯ ಜೊತೆ ಲೆಕ್ಕವೂ ಇದೆ. ಪೆನ್ಸಿಲು, ಹಾಳೆ ಹತ್ತಿರ ಇಟ್ಟುಕೊಳ್ಳಿ.

ಯೇಸುಸ್ವಾಮಿ ಉಪದೇಶದ ನಡುವೆ ಹೇಳುತ್ತಿದ್ದ ಪುಟ್ಟ ಕಥೆಗಳಿಗೆ ಕನ್ನಡ ಬೈಬಲಿನಲ್ಲಿ ‘ಸಾಮ್ಯ’ ಎಂದು ಹೆಸರು. ಬಿತ್ತುವವನು, ಕಳೆದುಹೋದ ಕುರಿ, ಹಿಟ್ಟು ಹುದುಗಿಸುವ ಹುಳಿ, ಹೀಗೆ ಎಲ್ಲ ಹೊಲಮನೆಯ ಸಂಗತಿಗಳೇ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿರುವುದು ಮಾತ್ರ ಸಾಲದ ಕಥೆ. ಬ್ಯಾಂಕಿನ ಲೆಡ್ಜರ್ ಬರೆದೇ ತಲೆ ನರೆತ ನನಗೆ ಅದರ ಮೇಲೆ ಕೊಂಚ ಪಕ್ಷಪಾತ.

ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಶಿಷ್ಯ ಪೇತ್ರ ಕೇಳುತ್ತಾನೆ. ಸಾಲದು, ಏಳೆಪ್ಪತ್ತು ಸಲ ಎಂದು ಯೇಸು ಈ ಕಥೆ ಹೇಳುತ್ತಾರೆ. ಒಬ್ಬ ಆಳು ಅರಸನಿಗೆ 10,000 ತಲಾಂತು ಸಾಲ ಕೊಡಬೇಕು. ಕಾಲಿಗೆ ಬಿದ್ದು ಗಡುವು ಕೇಳುತ್ತಾನೆ. ಅರಸ ಮರುಗಿ ಪೂರಾ ಮನ್ನಾ ಮಾಡುತ್ತಾನೆ. ಹೊರಗೆ ಬಂದವನೇ ಆತ, ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಡಿಯುತ್ತಾನೆ. ಇವನೂ ಕಾಲಿಗೆ ಬಿದ್ದು ಗಡುವು ಕೇಳಿದರೂ ಬಿಡದೆ ಸೆರೆಮನೆಗೆ ಹಾಕಿಸುತ್ತಾನೆ.

ನಾವು ಅಜ್ಜ-ಅಜ್ಜಿಯರು ಇದನ್ನು ಹೇಳುವಾಗ ‘ತುಂಬಾ ಸಾಲ’, ‘ಸ್ವಲ್ಪ ಸಾಲ’ ಎಂದು ಮುಗಿಸಿಬಿಡುತ್ತೇವೆ. ಕಥೆಯ ಜೀವ ಹೋಗುವುದು ಅಲ್ಲೇ.

ದಿನಾರಿ ಎಂದರೆ ಒಂದು ದಿನದ ಕೂಲಿ. ತಲಾಂತು ಎಂದರೆ ಸುಮಾರು 6,000 ದಿನಾರಿ. ಗುಣಿಸಿ ನೋಡಿ: 6 ಕೋಟಿ ದಿನದ ಕೂಲಿ! ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ಆಗ ಗಲಿಲಾಯವನ್ನೂ ಪೆರಿಯಾವನ್ನೂ ಆಳುತ್ತಿದ್ದ ಹೆರೋದ ಅಂತಿಪನಿಗೆ ಬರುತ್ತಿದ್ದ ಕಂದಾಯವೇ ವರ್ಷಕ್ಕೆ 200 ತಲಾಂತು ಎಂದು ಇತಿಹಾಸಕಾರ ಯೊಸೇಫಸ್ ಬರೆದಿದ್ದಾನೆ. ಅಂದರೆ ಆ ಆಳಿನ ಸಾಲ ಒಂದು ಸೀಮೆಯ 50 ವರ್ಷದ ಕಂದಾಯ. ಕೇಳುತ್ತಿದ್ದವರು ನಕ್ಕಿರಲೂಬಹುದು.

ಇಬ್ಬರೂ ಕೇಳಿದ್ದು ಗಡುವನ್ನೇ. ನೂರು ದಿನಾರಿಯವನು ಒಂದೆರಡು ಸುಗ್ಗಿಯಲ್ಲಿ ತೀರಿಸುತ್ತಿದ್ದನೇನೋ. ಮೊದಲನೆಯವನಿಗೆ ಎಷ್ಟು ಗಡುವು ಕೊಟ್ಟರೂ ಅಷ್ಟೇ. ಅದು ತಿಳಿದೇ ಅರಸ ಗಡುವು ಕೊಡದೆ ಸಾಲವನ್ನೇ ಬಿಟ್ಟ.

ಸುದ್ದಿ ತಿಳಿದ ಅರಸ ಕೊನೆಗೆ ಅವನನ್ನೂ ಸೆರೆಗೆ ಕಳಿಸಿದ. ಇಲ್ಲಿ ನನ್ನ ಮೊಮ್ಮಗಳು ನಿಲ್ಲಿಸಿದಳು: “ತಾತ, ಏಳೆಪ್ಪತ್ತು ಸಲ ಅಂದ್ರಲ್ಲ? ಅರಸ ಒಂದೇ ಸಲಕ್ಕೆ ಮುಗಿಸಿಬಿಟ್ನಲ್ಲ!”

ಆಡಿಟರ್ ಕೇಳುವಂಥ ಪ್ರಶ್ನೆ. ಮತ್ತೆ ಪುಟ ತೆರೆದು ನೋಡಿದೆ. ಎರಡನೇ ಸಲ ಅರಸನ ಮುಂದೆ ನಿಂತಾಗ ಆ ಆಳು ಒಂದು ಮಾತೂ ಆಡಿದ್ದಾಗಿ ಬರೆದಿಲ್ಲ. ಅವಳಿಗೂ ತೋರಿಸಿದೆ.

“ಕೇಳಿದ್ದಿದ್ರೆ ಬಿಡ್ತಿದ್ನಾ?” ಎಂದಳು.